ಹೆಗಲ ಮೇಲಿನ ಎರಡನೇ ಕೂದಲು

"ಹಲೋ... ಯಾರು ಮಾತಾಡ್ತಿರೋದು? ... ಇಲ್ಲ, ಫೋನು ಅವಳದೇ. ಮನೇಲೇ ಮರೆತು ಹೋಗಿದ್ದಾಳೆ. ಮಗೂಗೆ ಹಲ್ಲು ಕೀಳಿಸೋಕೆ ಅಂತ... ನಾನಾ? ನಾನು ಈ ಮನೆಯವಳೇ. ನೀವು? ... ಓ, ನೊಣದ ಮೇಷ್ಟ್ರಾ."

ಸೊಸೆಯ ಗುರುಗಳೆಂದು ತಿಳಿದ ಕೂಡಲೇ ಅತ್ತೆ ಕೂತಲ್ಲಿಂದ ಎದ್ದು ನಿಂತರು. ತಾವು ಯಾರೆಂದು ಮಾತ್ರ ಬಾಯಿಬಿಡಲಿಲ್ಲ, ನಾಚಿಕೆಯಾಯಿತು. ಉಷ್ಣವಲಯದ ಯಾವುದೋ ದಟ್ಟ ಕಾಡಿನಿಂದ ಸೊಸೆ ಹಿಡಿದು ತಂದಿದ್ದ, ಯಾವ ಪುಸ್ತಕದಲ್ಲೂ ಸಿಗದ ನೊಣವೊಂದಕ್ಕೆ ಈ ಅತ್ತೆಯದೇ ಹೆಸರಿಡುವುದೆಂದು ನಿಶ್ಚಯವಾಗಿತ್ತು. "ನಮ್ಮ ಸೊಸೆ ನೊಣ ಹೊಡೀತಾಳೆ, ಅದಕ್ಕೆ ಸಂಬಳ ಬೇರೆ" ಎಂದು ಊರೆಲ್ಲ ಆಡಿಕೊಂಡವರು ಈಗ ಊಟದ ಮೇಜಿನ ಅರ್ಧವನ್ನೇ ಸೂಕ್ಷ್ಮದರ್ಶಕಕ್ಕೆ ಬಿಟ್ಟುಕೊಟ್ಟಿದ್ದರು. ವಾರಗಿತ್ತಿಯ ಹೆಸರು ಪಾರ್ಕಿನ ಬೆಂಚೊಂದರ ಮೇಲಿದೆ. "ನನ್ನ ನೊಣ ನಿನ್ನ ಬೆಂಚಿನ ಮೇಲೂ ಕೂರುತ್ತೆ, ನೋಡ್ತಿರು" ಎಂದು ಆಕೆಗೆ ಹೇಳಿಯೂ ಆಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ.

"ಹೂಂ, ಇವತ್ತೇ ಅಂತ ಹೇಳಿದ್ಲು. ... ನೊಣದ ಲೇಖನ ಸಂಜೆಯೊಳಗೆ ಅಚ್ಚಿಗೆ ಕೊಡ್ಬೇಕಾ? ... ಅವಳು ಬರೋದು ತಡ ಆಗುತ್ತಲ್ಲ ಮೇಷ್ಟ್ರೇ. ಆ ಹಲ್ಲಿನ ಡಾಕ್ಟ್ರ ಹತ್ರ ಕಾಯೋದ್ರೊಳಗೆ ಹೊಸ ಹಲ್ಲೇ ಬಂದಿರುತ್ತೆ... ಆ ನೊಣದ ಮೈಮೇಲಿನ ಕೂದಲು ನಾನು ನೋಡೋದಾ? ... ಬೇಡಪ್ಪ, ಏನೂ ಮುಟ್ಟಬೇಡಿ ಅಂತ ಹೇಳಿ ಹೋಗಿದ್ದಾಳೆ... ಬರೀ ಕಣ್ಣಿಟ್ಟು ನೋಡಿದ್ರೆ ಸಾಕಾ? ಸರಿ, ತಡೀರಿ."

...

"ಹಾಂ, ಕಾಣಿಸ್ತು. ಕೂದಲು ತಾನೆ? ಕಪ್ಪಗೆ, ಉದ್ದುದ್ದಕ್ಕೆ, ಸಾಲಾಗಿ ನಿಂತಿವೆ... ಆಡ್ತಾನೂ ಇವೆ ಮೇಷ್ಟ್ರೇ. ನೊಣ ಇನ್ನೂ ಬದುಕಿದೆಯಾ ಹೇಗೆ? ... ಹಾಂ? ... ನನ್ನ ರೆಪ್ಪೆನಾ ಅದು?"

ಆ ಕಡೆ ಮೇಷ್ಟ್ರು ನಕ್ಕಿರಬೇಕು. ಅತ್ತೆ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು, ನಗು ಮುಗಿದ ಮೇಲೆ ಮತ್ತೆ ಹತ್ತಿರ ತಂದರು.

"ಹೂಂ, ಸ್ವಲ್ಪ ಹಿಂದೆ ಸರಿದೆ. ಈಗ ಬಂತು. ಅಬ್ಬಾ, ಎಷ್ಟು ಚೆನ್ನಾಗಿದೆ... ರೆಕ್ಕೆ ಮೇಲೆ ಕಂದು ಪಟ್ಟೆ, ಬೆನ್ನು ಬೆಳಗಿಟ್ಟ ಹಿತ್ತಾಳೆ ಥರ. ಇಂಥದ್ದನ್ನ ನಾನು ಜೀವನಪೂರ್ತಿ ಪೊರಕೇಲಿ ಹೊಡೆದೆನಲ್ಲ... ಹೆಗಲಾ? ನೊಣಕ್ಕೂ ಹೆಗಲಿರುತ್ತಾ? ... ಕತ್ತಿನ ಪಕ್ಕ, ಉಬ್ಬಿದ ಹಾಗೆ... ಹಾಂ ಹಾಂ. ಅದರ ಮೇಲೆ ಕೂದಲಿದೆ, ಒಂದೇ. ... ಆ ಕಡೇನೂ ಒಂದೇ. ... ಎರಡಿದ್ರೆ ಆಗ್ಲೇ ಹೆಸರಿರೋ ಹಳೇ ಜಾತಿ, ಒಂದಿದ್ರೆ ಹೊಸದು, ಅಲ್ವಾ? ಮತ್ತಿನ್ನೇನು, ಅಚ್ಚಿಗೆ ಕಳಿಸಿಬಿಡಿ."

...

"ಹಾಂ? ... ಉದುರಿ ಹೋಗಿದ್ರೆ? ... ಕೂದಲು ಉದುರಿದ್ರೂ ಅದು ನೆಟ್ಟಿದ್ದ ಕುಳಿ ಉಳಿಯುತ್ತಾ? ... ಅಂಗಿ ಗುಂಡಿ ಕಿತ್ತು ಬಂದ್ರೂ ದಾರದ ತೂತು ಇರುತ್ತಲ್ಲ, ಹಾಗೆ, ಅಲ್ವಾ? ... ಗೊತ್ತಾಯ್ತು. ನೋಡ್ತೀನಿ."

ನೋಡಿದರು. ಒಂಟಿ ಕೂದಲಿನ ಪಕ್ಕದಲ್ಲೇ ಸಣ್ಣದೊಂದು ಕುಳಿ ಇತ್ತು. ಆಚೆ ಹೆಗಲ ಮೇಲೂ ಇತ್ತು. ಅತ್ತೆ ಕಣ್ಣುಜ್ಜಿಕೊಂಡು, ಕುಂಬಳಕಾಯಿ ಕಳ್ಳನಂತೆ ತಮ್ಮ ಹೆಗಲನ್ನೇ ಒಮ್ಮೆ ಮುಟ್ಟಿ ನೋಡಿಕೊಂಡು, ಮತ್ತೆ ಬಗ್ಗಿದರು. ಎಷ್ಟು ಸಲ ನೋಡಿದರೂ ಕುಳಿ ಕುಳಿಯಾಗಿಯೇ ಇತ್ತು.

"ಇದ್ದೀನಿ, ಇದ್ದೀನಿ... ಇಲ್ಲಿ ಬೆಳಕು ಸಾಲದು... ದೀಪ ಇದೆ. ಉರೀತಾನೂ ಇದೆ... ಕನ್ನಡಕಾನೂ ಹಾಕ್ಕೊಂಡಿದ್ದೀನಿ... ಮೇಷ್ಟ್ರೇ, ಒಂದು ಮಾತು ಕೇಳ್ಲಾ? ಕುಳಿ ಇದ್ದೂ ಇಲ್ಲ ಅಂತ ಅಚ್ಚಾಗಿಬಿಟ್ರೆ ಏನಾಗುತ್ತೆ? ... ಏನಿಲ್ಲ, ಸುಮ್ನೆ ಕೇಳ್ದೆ... ಯಾರಾದ್ರೂ ಕಂಡುಹಿಡಿದೇ ಹಿಡೀತಾರಾ? ... ಆಮೇಲೆ ನಗೋದು ಯಾರನ್ನ ನೋಡಿ? ನೊಣಕ್ಕೆ ಯಾರ ಹೆಸರಿದೆಯೋ ಅವರನ್ನಾ? ... ಅವಳನ್ನೇನಾ?"

ಬೆಳಿಗ್ಗೆ ಮಗುವಿನ ಕಾಲಿಗೆ ಚಪ್ಪಲಿ ಸಿಕ್ಕಿಸುವ ಗಡಿಬಿಡಿಯಲ್ಲೂ ಸೊಸೆ ತಿರುಗಿ, "ಅತ್ತೆ, ಇವತ್ತು ನಿಮ್ಮ ನೊಣ ಅಚ್ಚಿಗೆ ಹೋಗುತ್ತೆ" ಎಂದು ನಕ್ಕು ಹೋಗಿದ್ದಳು. ಅವಳನ್ನು ಕಂಡು ಊರಾಚೆಯವರು ಯಾರೋ ನಗುವುದನ್ನು ನೆನೆದು ಅತ್ತೆಗೆ ಸಿಟ್ಟೇ ಬಂತು. ಆ ಹುಡುಗಿಯನ್ನು ಆಡಿಕೊಳ್ಳುವ ಹಕ್ಕು ಇದ್ದರೆ ಅದು ತಮಗೊಬ್ಬರಿಗೇ. ಬೇರೆಯವರಿಗೆ ಅದನ್ನು ಬಿಟ್ಟುಕೊಡುವ ಮನಸ್ಸು ಅವರಿಗಿರಲಿಲ್ಲ.

"ಮೇಷ್ಟ್ರೇ, ಕುಳಿ ಇದೆ. ... ಎರಡೂ ಕಡೆ ಇದೆ. ... ನನ್ನ ರೆಪ್ಪೆ ಅಲ್ಲ, ಸರಿಯಾಗಿ ನೋಡೇ ಹೇಳ್ತಿದ್ದೀನಿ. ಅಚ್ಚು ನಿಲ್ಲಿಸಿಬಿಡಿ."

ಹೇಳಿದ ಮೇಲೆ ಕುರ್ಚಿ ಎಳೆದುಕೊಂಡು ಕೂತರು. ಎದೆ ಹಗುರಾಯಿತು, ಆದರೆ ವಾರಗಿತ್ತಿಯ ಬೆಂಚು ಕಣ್ಣ ಮುಂದೆ ಬಂತು.

"ಹಾಂ? ... ಯಾರಿಗೆ ಬೇಜಾರು? ... ಅವಳ ಅತ್ತೆಗಾ? ... ಹೌದು, ಅವರ ಹೆಸರೇ ಇಡೋದಿತ್ತಂತೆ. ... ಹೂಂ, ಪಾಪ, ವಯಸ್ಸಾದೋರು, ಆಸೆ ಇಟ್ಕೊಂಡಿದ್ರು. ... ಇಲ್ಲ ಇಲ್ಲ, ನಾನ್ಯಾಕೆ ಹೇಳ್ಲಿ? ಅವರಿಗೆ ಆಗ್ಲೇ ಗೊತ್ತಾಗಿದೆ. ... ಈಗ್ಲೇ. ... ಅಳ್ತಾ ಏನಿಲ್ಲ. ಮುಖ ಸ್ವಲ್ಪ ಸಪ್ಪಗಾಗಿದೆ ಅಷ್ಟೆ. ಅವರಿಗೊಬ್ಬಳು ವಾರಗಿತ್ತಿ ಇದ್ದಾಳೆ, ಅವಳದ್ದೇ ಯೋಚನೆ. ... ತಡೀರಿ, ಫೋನು ಕುಂಯ್‌ಗುಡ್ತಾ ಇದೆ, ಚಾರ್ಜು ಮುಗೀತು ಅನ್ಸುತ್ತೆ. ... ಅವರಿಗೆ ಕೊಡೋದಾ? ಸಮಾಧಾನ ಹೇಳ್ತೀರಾ? ... ಮೇಷ್ಟ್ರೇ, ಇಷ್ಟು ಹೊತ್ತು ಅವರ ಹತ್ರಾನೇ ಮಾತಾಡ್ತಿದ್ದೀರಲ್ಲ... ಹಲೋ? ... ಹಲೋ... ಕೇಳಿಸ್ತಾ?"