ಬಾಗಿಲು ಹಾಕಿ ನೋಡುವ ಟಿವಿ

ನವಲಗುಂದದ ಬಸ್‌ ನಿಲ್ದಾಣದಲ್ಲಿ ಸವಿತಾ ಬಸ್ಸಿಗೆ ಕಾಯುತ್ತ ಕೂತಿದ್ದಳು. ಪಕ್ಕದಲ್ಲಿ ಗಂಡ ಹೆಂಡತಿ ಬಂದು ಕೂತರು. ಗಂಡನ ಕೈಯಲ್ಲಿ ಓಎಲ್‌ಇಡಿ ಟಿವಿಯ ಬೆಲೆ ಬರೆದ ಅಂಗಡಿಯ ಚೀಟಿಯಿತ್ತು.

“ಓಎಲ್‌ಇಡಿ ಬ್ಯಾಡ್ರಿ. ನಮ್ಮ ಪಡಸಾಲಿ ಬೆಳಕಿಗೆ ಚಿತ್ರ ಮಂಕ ಕಾಣತೈತಿ ಅಂತ ಅಂಗಡ್ಯಾಂವನ ಅಂದಾನ.”

“ಬಾಗಲಾ ಹಾಕ್ಕೊಂಡ ನೋಡಿದ್ರಾತು, ಮಹಾನಂದಾ.”

“ಹಾಡಹಗಲಿ ತಲಬಾಗಲಾ ಹಾಕೂದಾ? ಮನ್ಯಾಗ ಯಾರೂ ಇಲ್ಲಂತ ಮಂದಿ ಹೊಳ್ಳಿ ಹೋಗ್ತಾರ.”

“ಹೋಗ್ಲಿ ಬಿಡು. ಕಾಲ ಮುರದಾಗಿಂದ ಅವ್ವ ಪಡಸಾಲ್ಯಾಗ ಮಲಗಿದಲ್ಲೇ ಅದಾಳ. ಟಿವಿ ನೋಡ್ಕೋಂತ ಇರ್ತಾಳ.”

“ಓಣ್ಯಾಗ ಹಾಯೋರು ಹೊಚ್ಚಲದಾಗ ನಿಂತು ‘ಊಟಾತೇನ್ ರೇವಕ್ಕಾ’ ಅಂತಾರ. ಟಿವಿ ಹಂಗ ಕೇಳತೈತೇನ್ರಿ?”

“ಅವರು ಕೇಳಿದ್ರ ಆಕಿ ಏನಂತಾಳ, ಗೊತ್ತೈತಲ್ಲ? ‘ಎಲ್ಲಿ ಊಟಾ, ಸೊಸಿ ಹಾಕಿದ್ರಲ್ಲ’ ಅಂತಾಳ. ಊರ ತುಂಬ ನಿನ್ನ ಮಾನ ಹರಾಜು!”

ಹೆಂಡತಿ ಗಂಡನ ಕಡೆ ತಿರುಗಿದಳು. ಸವಿತಾ ತಲೆ ಎತ್ತದೆ ಕಿವಿಗೊಟ್ಟಳು.

“ಅದಕ್ಕ ಬಾಗಲಾ ಹಾಕಾಕತ್ತೀರೇನು?”

“ನಿನ್ನ ಸಲುವಾಗಿ ಲೇ.”

“ನನ್ನ ಸಲುವಾಗಿ ಆದ್ರ ಬಾಗಲಾ ತಗದ ಇಡ್ರಿ. ಆಕಿಗೆ ಈಗ ಬಾಯಿ ಒಂದ ಉಳದೈತಿ. ಬೈಲಿ. ಆ ನೆವದಾಗರೆ ನಾಕ ಮಂದಿ ಕೂಡ ಮಾತಾಡ್ತಾಳ.”

ಅವರ ಬಸ್ಸು ಬಂತು. ಹೆಂಡತಿ ಮೊದಲು ಹತ್ತಿದಳು. ಗಂಡ ಚೀಟಿಯನ್ನು ಹರಿಯಲಿಲ್ಲ, ಮಡಚಿ ಜೇಬಿಗಿಟ್ಟುಕೊಂಡು ಅವಳ ಹಿಂದೆ ಹತ್ತಿದ.