ಮುಚ್ಚಳ ತೆಗೆದ ತಟ್ಟೆ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಮೇಡಂ ಅವರ ಯಜಮಾನರಿಗೆ, ಮಗಳಿಗೆ, ಅಕ್ಕನವರಿಗೆ ವಿಶೇಷವಾಗಿ ಕೈಮುಗಿಯುತ್ತೇನೆ. ನಿಮ್ಮ ಮನೆಯ ದುಃಖದಲ್ಲಿ ಪಾಲು ಕೇಳುವ ಹಕ್ಕು ನನಗೆಷ್ಟಿದೆಯೋ ಗೊತ್ತಿಲ್ಲ. ಆದರೂ ಇಷ್ಟು ವರ್ಷ ಪ್ರಯೋಗಾಲಯದಲ್ಲಿ ಅವರ ಪಕ್ಕದ ಕೋಣೆಯ ದೀಪಗಳನ್ನು ನೋಡಿಕೊಂಡವನು ನಾನು. ಅವರು ಬೆಳೆಸಿದ ಜೀವಕೋಶಗಳ ಮೇಲೆ ಬಿಸಿಲು ಸುರಿದವನು ನಾನು. ಆ ಸಲಿಗೆಯಿಂದ ಮಾತಾಡುತ್ತೇನೆ.

ನಿರ್ದೇಶಕರಿಗೂ ನಮಸ್ಕಾರ. ನನ್ನ ನಂತರ ಮಾತಾಡುವವರು ಅವರೇ.

ಮೊದಲೇ ಹೇಳಿಬಿಡುತ್ತೇನೆ — ಇಂಥ ಸಭೆಯಲ್ಲಿ ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಆಡುವುದು ರೂಢಿ. ಅದನ್ನು ಪಾಲಿಸುತ್ತೇನೆ. ಬದುಕಿರುವವರ ಬಗ್ಗೆ ಅಂಥ ರೂಢಿ ಇಲ್ಲ.

ಮೇಡಂ ಮಾಡುತ್ತಿದ್ದ ಕೆಲಸ ಏನೆಂದು ಯಾರಾದರೂ ಕೇಳಿದರೆ ಅವರ ಮಗಳು ಚಿಕ್ಕವಳಿದ್ದಾಗ ಹೇಳುತ್ತಿದ್ದಳಂತೆ, "ನಮ್ಮಮ್ಮ ಕ್ರೀಮ್ ಹಚ್ತಾಳೆ, ಆಮೇಲೆ ಯಾರು ಸತ್ರು ಅಂತ ನೋಡ್ತಾಳೆ." ನಗಬಹುದು ಕಣಮ್ಮ, ಇವತ್ತೂ ನಗಬಹುದು. ನೀನು ಹೇಳಿದ್ದು ಸರಿಯಾಗಿಯೇ ಇತ್ತು. ಚರ್ಮದ ಜೀವಕೋಶಗಳನ್ನು ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸುವುದು. ಮೇಲೆ ಸನ್‌ಸ್ಕ್ರೀನ್ ಸವರಿದ, ಕಿರಣ ತಡೆಯದ ವಿಶೇಷ ಗಾಜಿನ ಬಿಲ್ಲೆ ಇಡುವುದು. ಅದರ ಮೇಲೆ ನಮ್ಮ ದೀಪದ ಅತಿನೇರಳೆ ಕಿರಣ ಬಿಡುವುದು. ಆಮೇಲೆ ತೊಳೆದು ನೇರಳೆ ಬಣ್ಣ ಹಾಕುವುದು. ಬದುಕಿರುವ ಜೀವಕೋಶ ತಟ್ಟೆಯ ತಳ ಬಿಡುವುದಿಲ್ಲ, ಬಣ್ಣ ಹಿಡಿಯುತ್ತದೆ. ಸತ್ತದ್ದು ತೊಳೆದ ನೀರಿನ ಜೊತೆ ಹೋಗುತ್ತದೆ. ನೇರಳೆ ತಟ್ಟೆ ಅಂದರೆ ಕ್ರೀಮ್ ಕಾಪಾಡಿತು. ಖಾಲಿ ತಟ್ಟೆ ಅಂದರೆ ಇಲ್ಲ. ಇಷ್ಟೇ.

ಆ ಜೀವಕೋಶಗಳನ್ನು ಅವರು "ನನ್ನ ಬಾಡಿಗೆದಾರರು" ಎನ್ನುತ್ತಿದ್ದರು. ಮದುವೆ ಮನೆಯಿಂದ ಅರ್ಧಕ್ಕೇ ಎದ್ದು ಬಂದುಬಿಡುವರು. ಯಾಕೆ ಮೇಡಂ ಅಂದರೆ, "ಬಾಡಿಗೆ ಒಂದು ಪೈಸೆ ಕೊಡಲ್ಲ ಅವು, ಊಟ ಮಾತ್ರ ಹೊತ್ತಿಗೆ ಸರಿಯಾಗಿ ಆಗ್ಬೇಕು." ಯಜಮಾನರು ತಲೆಯಾಡಿಸುತ್ತಿದ್ದಾರೆ. ಅವರಿಗೆ ತಣ್ಣಗಾದ ಅನ್ನ ಸಿಕ್ಕ ದಿನಗಳು ನೆನಪಾಗಿರಬೇಕು.

ಇನ್ನೊಂದು ನೆನಪು. ಹೊರಗೆ ಬಿಸಿಲಿಗೆ ಹೊರಟವರನ್ನು ಅವರು ಬಾಗಿಲಲ್ಲೇ ಹಿಡಿಯುತ್ತಿದ್ದರು. ಹೀಗೆ — ಕಿವಿ ಹಿಡಿದು. "ಮುಖಕ್ಕೆ ಹಚ್ಕೊಂಡ್ರಿ ಸರಿ, ಕಿವಿ ತುದಿಗೆ ನಿಮ್ಮತ್ತೆ ಬಂದು ಹಚ್ತಾರಾ?" ನನ್ನ ಕಿವಿ, ಕಾವಲುಗಾರನ ಕಿವಿ, ನಿರ್ದೇಶಕರ ಕಿವಿ — ಯಾರದನ್ನೂ ಬಿಟ್ಟವರಲ್ಲ.

ಇನ್ನು ಆ ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಎಲ್ಲರಿಗೂ ಗೊತ್ತಿರುವ, ಯಾರೂ ಜೋರಾಗಿ ಆಡದ ವಿಷಯ.

ಯಜಮಾನರ ಕಣ್ಣಿನ ಆಪರೇಷನ್‌ಗೆಂದು ಮೇಡಂ ರಜೆಯಲ್ಲಿದ್ದರು. ಆ ವಾರ ಹೊಸ ಕ್ರೀಮಿನ ಕಂಪನಿಯವರು ಪರೀಕ್ಷೆ ನೋಡಲು ಬಂದರು. ಅವರೆದುರು ದೀಪದ ಕೆಳಗೆ ತಟ್ಟೆ ಇಟ್ಟವರು ಸ್ವತಃ ನಿರ್ದೇಶಕರು. ಕೋಣೆ ತುಂಬ ಜನ. ಯಾರೋ ಕೆಮ್ಮುತ್ತಿದ್ದರು. ತಟ್ಟೆಗೆ ಸೋಂಕು ತಗಲೀತು ಎಂದು ಅವರು ಮುಚ್ಚಳ ತೆಗೆಯಲಿಲ್ಲ. ಮುಚ್ಚಳದ ಮೇಲೆಯೇ ಕ್ರೀಮಿನ ಬಿಲ್ಲೆ ಇಟ್ಟರು. ಆ ಮುಚ್ಚಳ ನಮ್ಮ ಕಣ್ಣಿಗೆ ಗಾಜಿನ ಹಾಗೆ ಕಾಣುತ್ತದೆ. ನಮ್ಮ ದೀಪದ ಕಿರಣಕ್ಕೆ ಅದು ಗೋಡೆ. ತಟ್ಟೆಗಳು ಗಾಢ ನೇರಳೆಯಾಗಿ ಬಂದವು. ಚಪ್ಪಾಳೆ ಬಿತ್ತು. ಕ್ರೀಮ್ ಅಂಗಡಿಗೆ ಹೋಯಿತು.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಮುಚ್ಚಳ ತೆಗೆಯದೆ ಇಡುವುದು ನಮ್ಮ ಕಸುಬಿನಲ್ಲಿ ಆಗುವ ತಪ್ಪು. ತಪ್ಪು ಎಂದು ಗೊತ್ತಾದ ಮೇಲೆ ಏನು ಮಾಡಿದಿರಿ ಎನ್ನುವುದು ಪ್ರಶ್ನೆ.

ಮೇಡಂ ರಜೆ ಮುಗಿಸಿ ಬಂದರು. ಮೊದಲು ಕೇಳಿದ್ದು ಅವರು ಯಾವಾಗಲೂ ಕೇಳುವ ಮಾತು — "ಬರಿ ತಟ್ಟೆ ಎಲ್ಲಿ?" ಕ್ರೀಮೇ ಇಲ್ಲದೆ ಬೆಳಕಿಗಿಟ್ಟ ತಟ್ಟೆ ಅದು. ಅದರಲ್ಲಿ ಎಲ್ಲವೂ ಸಾಯಬೇಕು. ಸಾಯದಿದ್ದರೆ ಬೆಳಕು ತಲುಪಿಯೇ ಇಲ್ಲ ಎಂದರ್ಥ. ಆ ತಟ್ಟೆಯೂ ನೇರಳೆಯಾಗಿತ್ತು. ಫಲಿತಾಂಶದಲ್ಲಿ ಅದನ್ನು ಕೈಬಿಡಲಾಗಿತ್ತು. ಅವರು ನಿರ್ದೇಶಕರ ಕೋಣೆಗೆ ಹೋದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಮಾತು ನಡೆದದ್ದು ಹೀಗೆ.

"ಸಾರ್, ಕ್ರೀಮ್ ಇಲ್ದೇನೂ ಬದುಕಿವೆಯಲ್ಲ. ಹಾಗಾದ್ರೆ ಬದುಕಿಸಿದ್ದು ಯಾರು?"

"ಈ ಸಲದ ಜೀವಕೋಶ ಗಟ್ಟಿ ಇದ್ವು, ಮೇಡಂ."

"ಗಟ್ಟಿ ಇದ್ದಿದ್ದು ಮುಚ್ಚಳ, ಸಾರ್. ಇನ್ನೊಂದು ಸಲ ಮಾಡೋಣ."

"ಎಲ್ಲ ಆಗಿಹೋಗಿದೆ. ಮುಚ್ಚೇ ಇರ್ಲಿ ಬಿಡಿ."

ಅವರು ಬಿಡಲಿಲ್ಲ. ಕಾರಿಡಾರಿನಲ್ಲಿ ಕೇಳಿದರು, ಕ್ಯಾಂಟೀನಿನಲ್ಲಿ ಕೇಳಿದರು. ಅವರು ಬರುವುದನ್ನು ಕಂಡರೆ ನಿರ್ದೇಶಕರ ಸುತ್ತಲಿನವರು ಲೋಟದ ಮೇಲೆ ಸಾಸರ್ ಮುಚ್ಚಿಟ್ಟು, "ಬಂದ್ರು ನೋಡಿ, ಮುಚ್ಚಳ ಮೇಡಂ" ಎಂದು ನಗುತ್ತಿದ್ದರು. ಹಾಗೆ ನಕ್ಕವರಲ್ಲಿ ಕೆಲವರು ಇಲ್ಲಿ ಕಪ್ಪು ಪಟ್ಟಿ ಕಟ್ಟಿಕೊಂಡು ಕುಳಿತಿದ್ದೀರಿ. ಪಟ್ಟಿ ಚೆನ್ನಾಗಿ ಒಪ್ಪುತ್ತದೆ ನಿಮಗೆ.

ಕೊನೆಯ ಸಾಲಿನಲ್ಲಿ ಒಬ್ಬರು ಕುಳಿತಿದ್ದಾರೆ. ಮಕ್ಕಳಿಗೆ ಈಜು ಕಲಿಸುವ ಟೀಚರ್. ಅದೇ ಕ್ರೀಮ್ ಹಚ್ಚಿಕೊಂಡು ಕೆಲಸ ಮಾಡಿದವರು. ಬಿಸಿಲಿಗೆ ಭುಜದ ಚರ್ಮ ಸುಲಿದುಹೋಗಿ, ಟ್ಯೂಬನ್ನು ಕೈಯಲ್ಲಿ ಹಿಡಿದು ನಮ್ಮ ಕಚೇರಿಗೆ ಬಂದಿದ್ದರು. ನಿರ್ದೇಶಕರು ಹೇಳಿದರು — "ತೆಳ್ಳಗೆ ಹಚ್ಚಿರ್ತೀರಿ." ಟೀಚರ್ ಕೇಳಿದರು, "ಮಕ್ಕಳಿಗೂ ನಾನೇ ಹಚ್ಚಿದ್ದು. ಅವ್ರಪ್ಪ ಅಮ್ಮಂದಿರಿಗೆ ಏನ್ ಹೇಳ್ಲಿ?" ನಿರ್ದೇಶಕರು ಮುಂದಿನವರನ್ನು ಒಳಗೆ ಕರೆದರು.

ಅಂಥವರು ಒಬ್ಬೊಬ್ಬರಾಗಿ ಬರತೊಡಗಿದಾಗ, ಸಂಸ್ಥೆಯವರು ಎಲ್ಲರನ್ನೂ ಉದ್ದ ಮೇಜಿನ ಸುತ್ತ ಕೂರಿಸಿ ಸಭೆ ಕರೆದರು. ಅಲ್ಲಿ ನಿರ್ದೇಶಕರು ಎದ್ದುನಿಂತು, ಪರೀಕ್ಷೆಯಲ್ಲಿ ಲೋಪವಾಗಿದೆ, ಅದು ಮೇಡಂ ಅವರ ವಿಭಾಗದ್ದು ಎಂದರು. ರಜೆಯಲ್ಲಿದ್ದವರ ವಿಭಾಗ. ತಾವು ಮುಚ್ಚಿಟ್ಟ ಮುಚ್ಚಳವನ್ನೇ ಎತ್ತಿ ಅವರ ತಲೆಯ ಮೇಲೆ ಇಟ್ಟರು. ಜೀವಕೋಶ ಬೆಳೆಸುವ ಕೋಣೆಯ ಬೀಗದ ಕೈ ಅಲ್ಲೇ ಇಸಿದುಕೊಂಡರು. ಮೇಡಂ ತಲೆ ತಗ್ಗಿಸಿ ಅದನ್ನು ಬಿಚ್ಚಿ ಕೊಟ್ಟರು. ಹೊರಗೆ ಬಂದು ನನಗೆ ಹೇಳಿದರು, "ಬಾಯಲ್ಲಿ ಗೆಲ್ಲೋಕೆ ನನಗೆ ಬರಲ್ಲ ಕಣಪ್ಪ. ಒಂದು ಸಲ ಮುಚ್ಚಳ ತೆಗೆದು ಮಾಡ್ಬೇಕು, ಅಷ್ಟೇ. ಅಲ್ಲಿವರೆಗೆ ನೀನೂ ಬಾಯಿ ತೆಗೀಬೇಡ."

ಅದಾಗುವ ಮೊದಲೇ ಅವರ ಹೃದಯ ನಿಂತಿತು — ಕಚೇರಿಗೆ ಬರುವ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ.

ಅವಮಾನದಿಂದ ಸತ್ತರು ಎಂದು ನಾನು ಹೇಳುವುದಿಲ್ಲ. ಅದಕ್ಕೆ ನನ್ನ ಬಳಿ ಪುರಾವೆ ಇಲ್ಲ. ಪುರಾವೆ ಇಲ್ಲದ್ದನ್ನು ಹೇಳಿದರೆ ಅವರೇ ನನ್ನ ಕಿವಿ ಹಿಂಡುವರು. ಅವಮಾನ ಹೊತ್ತುಕೊಂಡು ಸತ್ತರು ಎನ್ನುತ್ತೇನೆ. ಅದಕ್ಕೆ ನಿಮ್ಮೆಲ್ಲರ ಕೈಯಲ್ಲಿರುವ ಕಾರ್ಡೇ ಸಾಕು. ಸಂಸ್ಥೆಯೇ ಅಚ್ಚು ಹಾಕಿಸಿದ್ದು. ಏನಿದೆ ಅದರಲ್ಲಿ? "ಕೊನೆಗಾಲದಲ್ಲಿ ಕೆಲವು ಲೋಪಗಳಾದರೂ ಅವರ ಸೇವೆ ಸ್ಮರಣೀಯ." ಇದನ್ನು ಅವರ ಮಗಳ ಕೈಗೂ ಕೊಟ್ಟಿದ್ದಾರೆ. ಅವಳು ಅದನ್ನು ಮಡಿಚಿ ಮಡಿಚಿ ಚಿಕ್ಕದು ಮಾಡುತ್ತಿರುವುದನ್ನು ನಾನು ಇಲ್ಲಿಂದಲೇ ನೋಡುತ್ತಿದ್ದೇನೆ.

ಕೊಡಮ್ಮ, ಅದನ್ನು ಈಚೆ ಕೊಡು. ನಿನಗೆ ಅದರ ಬದಲು ಬೇರೆ ತಂದಿದ್ದೇನೆ.

ಫೋಟೋದ ಮುಂದೆ, ಹೂವಿನ ಪಕ್ಕ, ಮೂರು ತಟ್ಟೆಗಳಿವೆ. ಅಲಂಕಾರಕ್ಕೆ ಇಟ್ಟದ್ದು ಎಂದುಕೊಂಡಿರಬಹುದು. ಮೇಡಂ ತಾವೇ ಹೆಪ್ಪುಗಟ್ಟಿಸಿ ಎತ್ತಿಟ್ಟಿದ್ದ ಜೀವಕೋಶಗಳನ್ನು ಕರಗಿಸಿ, ಬೆಳೆಸಿ, ಅವರ ಪದ್ಧತಿಯಲ್ಲೇ ಪರೀಕ್ಷೆ ಮಾಡಿದ್ದೇವೆ. ಕೋಣೆಯ ಬೀಗ ತೆಗೆದವರು ಯಾರು ಎಂದು ಹುಡುಕಬೇಡಿ. ತೆಗೆಸಿದವನು ನಾನು. ಶಿಕ್ಷೆ ಕೊಡುವುದಿದ್ದರೆ ವಿಳಾಸ ಗೊತ್ತಿದೆಯಲ್ಲ, ದೀಪದ ಕೋಣೆ.

ಎತ್ತಿ ಹಿಡಿಯುತ್ತೇನೆ, ಹಿಂದಿನವರಿಗೂ ಕಾಣಲಿ. ಇದು ಬರಿ ತಟ್ಟೆ. ಮುಚ್ಚಳವಿಲ್ಲ, ಕ್ರೀಮಿಲ್ಲ. ನೋಡಿ, ಇದರ ಆಚೆ ನನ್ನ ಬೆರಳು ಕಾಣುತ್ತಿದೆ. ಎಲ್ಲ ಸತ್ತಿವೆ. ಇದು ಎರಡನೆಯದು. ಮುಚ್ಚಳವಿಲ್ಲ, ಆ ಕ್ರೀಮಿನ ಬಿಲ್ಲೆ ಇದೆ. ಇದರಲ್ಲೂ ಬೆರಳು ಕಾಣುತ್ತಿದೆ. ಅಂಚಿನಲ್ಲಿ ಒಂದಿಷ್ಟು ನೇರಳೆ ಚುಕ್ಕಿ, ಅಷ್ಟೇ. ಇದು ಮೂರನೆಯದು — ಕ್ರೀಮಿನ ಹನಿಯೂ ಇಲ್ಲ, ಮುಚ್ಚಳ ಮಾತ್ರ ಇದೆ. ಗಾಢ ನೇರಳೆ. ಬೆರಳು ಕಾಣುತ್ತದೆಯೇ? ಇಲ್ಲ.

ನಿರ್ದೇಶಕರೇ, ನೀವು ಮಾರಲು ಒಪ್ಪಿಗೆ ಕೊಟ್ಟದ್ದು ಪ್ಲಾಸ್ಟಿಕ್ ಮುಚ್ಚಳವನ್ನು. ಅದನ್ನು ಭುಜಕ್ಕೆ ಹಚ್ಚಿಕೊಳ್ಳಲು ಬರುವುದಿಲ್ಲ.

ಇವುಗಳ ಜೊತೆಯಲ್ಲೇ ತಯಾರಾದ ಇನ್ನೂ ಮೂರು ತಟ್ಟೆಗಳು ಇವತ್ತು ಬೆಳಿಗ್ಗೆ ಕ್ರೀಮಿಗೆ ಪರವಾನಗಿ ಕೊಡುವ ಸರ್ಕಾರಿ ಕಚೇರಿ ಮುಟ್ಟಿವೆ. ಈಜು ಟೀಚರ್ ತಾವೇ ಹೋಗಿ ಕೊಟ್ಟು ಬಂದರು. ನಾಳೆ ತನಿಖೆಯವರು ಬರುತ್ತಾರೆ. ನಿಮ್ಮ ಎದುರು ನಿಂತು ಮೊದಲು ಏನು ಕೇಳಬೇಕೆಂದು ಅವರಿಗೆ ಹೇಳಿಕೊಟ್ಟಿದ್ದೇನೆ. ಬರಿ ತಟ್ಟೆ ಎಲ್ಲಿ?

ದುಃಖದ ಸಭೆಯಲ್ಲಿ ಹಗೆ ಯಾಕೆ ಎಂದು ಯಾರೋ ಪಿಸುಗುಟ್ಟಿದಿರಿ. ಕೇಳಿಸಿತು. ಹಗೆ ಇದೆ, ಇಲ್ಲವೆನ್ನುವುದಿಲ್ಲ. ಮೇಡಂ ಅವರಿಗೆ ಇರಲಿಲ್ಲ. ಅವರಿಗೆ ತಟ್ಟೆ ಸಾಕಿತ್ತು. ನನಗೆ ಸಾಲುವುದಿಲ್ಲ. ಆ ಉದ್ದ ಮೇಜಿನ ಎದುರು ಅವರು ತಲೆ ತಗ್ಗಿಸಿದ್ದನ್ನು ಎಷ್ಟು ಜನ ನೋಡಿದರೋ, ಅದಕ್ಕಿಂತ ಹೆಚ್ಚು ಜನರ ಎದುರು ನೀವು ತಲೆ ತಗ್ಗಿಸಬೇಕು. ಕುರ್ಚಿಗಳನ್ನು ನಾನೇ ಹಾಕಿಸಿದೆ. ನೋಡಿ, ತುಂಬಿವೆ.

ದೀಪ ಉರಿಯುವಷ್ಟು ಹೊತ್ತೂ ಮೇಡಂ ಕುಳಿತದ್ದನ್ನು ನಾನು ಕಂಡಿಲ್ಲ. ದೀಪದ ಕೋಣೆಯ ಕಪ್ಪು ಪರದೆಯ ಹೊರಗೆ, ಮಾತಿಲ್ಲದೆ, ನಿಂತೇ ಇರುತ್ತಿದ್ದರು. "ಒಳಗೆ ಅವು ಸಾಯ್ತಿರೋವಾಗ ನಾನು ಕೂತ್ಕೊಂಡು ಚಾ ಕುಡಿಯೋಕಾಗತ್ತಾ?" ಎನ್ನುತ್ತಿದ್ದರು. ಅವರ ಟೈಮರ್ ಇಲ್ಲಿದೆ. ಅಡುಗೆಮನೆಯದು, ಮನೆಯಿಂದ ತಂದಿಟ್ಟುಕೊಂಡಿದ್ದರು. ಇದು ಕೂಗುವವರೆಗೆ ನಾವೂ ಹಾಗೆಯೇ ನಿಲ್ಲೋಣ.

ಕೂಗಿದ ಮೇಲೆ ಮೈಕು ನಿರ್ದೇಶಕರದು. ಜೇಬಿನಲ್ಲಿ ಬರೆದು ತಂದದ್ದು ಅಲ್ಲೇ ಇರಲಿ, ಸಾರ್. ಈ ಮನೆಯವರ ಮುಖ ನೋಡಿ, ಮುಚ್ಚಳ ಇಟ್ಟವರು ಯಾರು ಎಂಬಲ್ಲಿಂದ ಶುರು ಮಾಡಿ.

ಟೈಮರ್ ತಿರುಗಿಸುತ್ತಿದ್ದೇನೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ — ನೀವೂ ಏಳಿ, ಸಾರ್. ನೆಲ ನೋಡಬೇಡಿ. ತಟ್ಟೆ ನೋಡಿ.