ಯಾರೂ ಮುಟ್ಟದ ಕೀಬೋರ್ಡ್

ತಾಂಬರಂ ಕಡೆಗೆ ಹೊರಟ ಸಂಜೆಯ ಎಲೆಕ್ಟ್ರಿಕ್ ಟ್ರೇನಿನಲ್ಲಿ ಎದುರಿನ ಸೀಟಿನಿಂದ ಕನ್ನಡ ಕೇಳಿಸಿತು. ಗಂಡ ಯಾವುದೋ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು. ಹೆಂಡತಿಯ ಮಡಿಲಲ್ಲಿ ತರಕಾರಿ ಚೀಲ.

“ಬೆಳಿಗ್ಗೆ ಹತ್ತಕ್ಕೆ ಸರ್ವರಲ್ಲಿ ಡಿಫ್ರಾಗ್ ಶುರುವಾಗ್ಬಿಡ್ತು ಕಣೇ. ಡಿಸ್ಕೆಲ್ಲಾ ಒಪ್ಪ ಮಾಡೋಕೆ ಹೊರಟು ಡೇಟಾಬೇಸೇ ನಿಂತುಹೋಯ್ತು. ಟೋಕನ್ ಕ್ಯೂ ರೋಡ್ ತನಕ!”

“ಆ ಹೊತ್ತಲ್ಲಿ ಒಪ್ಪ ಮಾಡು ಅಂತ ಯಾರ್ರೀ ಹೇಳಿದ್ದು?”

“ನಾನೇ. ಯಾರೂ ಕೀಬೋರ್ಡ್ ಮುಟ್ಟದೇ ಇದ್ದಾಗ ತಾನಾಗಿ ಶುರುವಾಗ್ಲಿ ಅಂತ ಸೆಟ್ ಮಾಡಿದ್ದೆ.”

“ಆ ಸರ್ವರ್ ರೂಮಿಗೆ ನೀವೇ ಬೀಗ ಹಾಕ್ತೀರಿ. ಯಾರು ಮುಟ್ತಾರೆ?”

“ಅದೇ! ಎಲ್ಲಾ ಕೌಂಟರ್ ಕೆಲಸನೂ ಆ ಸರ್ವರೇ ಮಾಡ್ತಿತ್ತು. ಆದ್ರೂ ಕೀಬೋರ್ಡ್ ಯಾರೂ ಮುಟ್ಟಿಲ್ಲ ಅಂದ್ರೆ ಸುಮ್ನಿದೆ ಅಂತ ಲೆಕ್ಕ.”

“ನಿಮ್ಮ ಲೆಕ್ಕನೇ. ನಾನು ಐದು ನಿಮಿಷ ಕೂತ್ರೆ, ‘ಜಯಾ, ಕಾಫಿ’ ಅಂತೀರಲ್ಲ.”

“ನಿಂಗೆ ತಮಾಷೆ. ನಾಳೆ ಡೈರೆಕ್ಟರ್ ಕರೆದಿದ್ದಾರೆ, ಕೆಲಸ ಉಳಿಯುತ್ತೋ ಇಲ್ವೋ.”

ಆಕೆ ಕಿಟಕಿಯತ್ತ ತಿರುಗಿದರು. ಎರಡು ಸ್ಟೇಷನ್ ಕಳೆಯಿತು.

“ಏನೇ, ಸುಮ್ನೆ ಕೂತ್ಬಿಟ್ಟೆ?”

“ಸುಮ್ನೆ ಎಲ್ಲಿ? ನಾಳೆ ಅವರಿಗೆ ನೀವು ಏನು ಹೇಳ್ಬೇಕು ಅಂತ ಯೋಚಿಸ್ತಿದ್ದೀನಿ.”

ಪಲ್ಲಾವರಂ ಬಂತು. “ಸೆರಿ, ಹೇಳು ಹೇಳು” ಅನ್ನುತ್ತಾ ಅವರು ಚೀಲ ಎತ್ತಿಕೊಂಡು ಆಕೆಯ ಹಿಂದೆಯೇ ಇಳಿದರು.